ಕುಂಡದ ಜರೀಗಿಡ ತಿಂದ ಹುಳು ಸಮುದ್ರ ದಾಟಿ ಬಂದದ್ದೇ?

ಪ್ರಶ್ನೆ: ಕಳೆದ ಜೂನ್‌ನಲ್ಲಿ ಹೊರಗಿನ ಒಂದು ನರ್ಸರಿಯಿಂದ ಆರು ಕುಂಡ ಬೋಸ್ಟನ್ ಫರ್ನ್ ಎಂಬ ಜರೀಗಿಡ ತರಿಸಿ, ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಪಡಸಾಲೆಯ ಮುಂದೆ ತೂಗುಹಾಕಿದ್ದೆ. ಆಗಸ್ಟ್ ಹೊತ್ತಿಗೆ ಎರಡು ಕುಂಡಗಳಲ್ಲಿ ಎಲೆಯೆಲ್ಲ ಹೋಗಿ ಬರೀ ಕಡ್ಡಿ ಉಳಿದಿದೆ. ಹುಳುವಿನದೂ ಎಲೆಯ ಹಿಂಬದಿಯದೂ ಚಿತ್ರಗಳನ್ನು ಕಳಿಸಿದ್ದೇನೆ. ಆಸ್ಟ್ರೇಲಿಯದ ಒಂದು ಪತಂಗ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಜರೀಗಿಡಗಳನ್ನು ತಿನ್ನುತ್ತ ಹರಡುತ್ತಿದೆ ಎಂದು ಓದಿದ್ದೆ. ನಮ್ಮಲ್ಲಿಗೆ ಬಂದಿರುವುದೂ ಅದೇ ಇರಬಹುದೇ? ಅಷ್ಟು ಸಣ್ಣ ಜೀವ ಸಮುದ್ರ ದಾಟುವುದು ಹೇಗೆ? ಖಾನಾಪುರದ ಕಾಡನ್ನು ಹೊಕ್ಕರೆ ಅಲ್ಲಿನ ಜರೀಗಿಡಗಳ ಗತಿಯೇನು? ಕುಂಡಗಳನ್ನು ಎಸೆದುಬಿಡಲೇ?

ಉತ್ತರ: ಕುಂಡಗಳನ್ನು ಎಸೆಯಬೇಡಿ, ಅವುಗಳನ್ನು ಏನು ಮಾಡಬೇಕೆಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಹುಳುವಿನ ಗುರುತು ಆಗಲಿ. ನಿಮ್ಮ ಮೊದಲ ಚಿತ್ರದಲ್ಲಿ ಕಡ್ಡಿಗೆ ಒತ್ತಿಕೊಂಡು ಮಲಗಿರುವ ಹಸಿರು ಹುಳು, ಅಳತೆಗೆಂದು ನೀವು ಪಕ್ಕದಲ್ಲಿಟ್ಟ ಬೆಂಕಿಕಡ್ಡಿಯ ಮುಕ್ಕಾಲು ಭಾಗದಷ್ಟು ಉದ್ದವಿದೆ ಮತ್ತು ಆ ಕಡ್ಡಿಗಿಂತ ಎಷ್ಟೋ ದಪ್ಪಗಿದೆ. ನೀವು ಓದಿದ ಆಸ್ಟ್ರೇಲಿಯದ ಪತಂಗ ರೆಕ್ಕೆ ಬಿಚ್ಚಿ ಕುಳಿತರೂ ನಮ್ಮ ಹೆಬ್ಬೆರಳಿನ ಉಗುರಿನಷ್ಟೇ ಇರುವ ಪುಟ್ಟ ಜೀವ. ಅಷ್ಟು ಸಣ್ಣ ಪತಂಗದ ಮರಿಹುಳು ಇಷ್ಟು ದೊಡ್ಡದಾಗಿ ಬೆಳೆಯಲು ಸಾಧ್ಯವಿಲ್ಲ. ಎಲೆಯನ್ನು ಅಂಚಿನಿಂದ ಕತ್ತರಿಸುತ್ತ ಬಂದು ನಡುಗಡ್ಡಿಯನ್ನಷ್ಟೇ ಉಳಿಸಿದ ರೀತಿ, ಕುಂಡದ ಕೆಳಗೆ ನೆಲದ ಮೇಲೆ ಸಾಸಿವೆಕಾಳಿನಂತೆ ಬಿದ್ದಿರುವ ಹಿಕ್ಕೆ, ಹಗಲಿನಲ್ಲಿ ಹುಳು ಕಣ್ಣಿಗೆ ಬೀಳದೆ ರಾತ್ರಿ ಮಾತ್ರ ತಿನ್ನುತ್ತದೆಂಬ ನಿಮ್ಮ ಮಾತು, ಇವೆಲ್ಲ ಕ್ಯಾಲೋಪಿಸ್ಟ್ರಿಯಾ ಎಂಬ ಪತಂಗದ ಕುಲದತ್ತ ಕೈ ತೋರಿಸುತ್ತವೆ. ಈ ಕುಲದ ಹಲವು ಜಾತಿಗಳು ಭಾರತದವೇ; ಜರೀಗಿಡವೇ ಅವುಗಳ ಆಹಾರ. ಎರಡನೆಯ ಚಿತ್ರದ ಕಡುಗಂದು ಹುಳುವನ್ನು ನೀವು ಬೇರೆ ಜಾತಿಯೆಂದು ಎಣಿಸಿದ್ದೀರಿ. ಬಣ್ಣವೊಂದನ್ನೇ ನೋಡಿ ಹಾಗೆ ನಿರ್ಧರಿಸಬಾರದು, ಏಕೆಂದರೆ ಈ ಕುಲದಲ್ಲಿ ಒಂದೇ ಜಾತಿಯ ಹುಳುಗಳು ಹಸಿರು ಮತ್ತು ಕಪ್ಪು ಎಂಬ ಎರಡು ಬಣ್ಣಗಳಲ್ಲಿ ಇರುವುದುಂಟು.

ಮೂರನೆಯ ಚಿತ್ರದಲ್ಲಿ ಎಲೆಯ ಹಿಂಬದಿಗೆ ಸಾಲಾಗಿ ಕೂತಿರುವ ಕಂದು ಚುಕ್ಕೆಗಳು ಮೊಟ್ಟೆಗಳಲ್ಲ. ಅವು ಗಿಡದ ಬೀಜಕಗಳ ಗುಂಪುಗಳು. ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ, ವಂಶ ಬೆಳೆಯುವುದು ಈ ಚುಕ್ಕೆಗಳೊಳಗಿನ ಹುಡಿಯಿಂದ. ಮೊಟ್ಟೆಯೆಂದು ಹೆದರಿ ಇಂಥ ಎಲೆಗಳನ್ನು ಕಿತ್ತು ಸುಟ್ಟವರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಚುಕ್ಕೆಗಳು ಒಂದೇ ಅಳತೆಯವಾಗಿ, ಒಂದೇ ಅಂತರದಲ್ಲಿ, ನಡುನರದ ಎರಡೂ ಬದಿಗೆ ಹೊಲಿಗೆ ಹಾಕಿದಂತೆ ಇದ್ದರೆ ಅವು ಗಿಡದವು. ಕೀಟದ ಕೆಲಸದಲ್ಲಿ ಅಷ್ಟು ಶಿಸ್ತು ಇರುವುದಿಲ್ಲ.

ಇನ್ನು ನೀವು ಓದಿದ ಪತಂಗದ ವಿಷಯ. ಅದರ ಹೆಸರು ಮ್ಯುಸೋಟಿಮಾ ನಿಟಿಡಾಲಿಸ್. ಹೊಂಗಂದು ಬಣ್ಣದ ರೆಕ್ಕೆಗಳ ಮೇಲೆ ಬಿಳಿಯ ಗುರುತುಗಳಿರುವ ಇದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಮೂಲನಿವಾಸಿ. 2009 ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಲ್ಲಿ ಮೊದಲ ಬಾರಿಗೆ ಕಂಡು, ನಂತರದ ವರ್ಷಗಳಲ್ಲಿ ದಕ್ಷಿಣ ಇಂಗ್ಲೆಂಡಿನ ಬೇರೆ ಕಡೆಗಳಲ್ಲೂ ದಾಖಲಾಯಿತು. ಭೂಗೋಳದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಆದ ಈ ಪ್ರಯಾಣದಲ್ಲಿ ಪತಂಗದ ರೆಕ್ಕೆಯ ಪಾತ್ರ ಏನೂ ಇಲ್ಲ. ಆಸ್ಟ್ರೇಲಿಯದ ಮರಜರಿ, ಅಂದರೆ ಆಳೆತ್ತರ ಮೀರಿ ಬೆಳೆಯುವ ಜರೀಗಿಡ, ಇಂಗ್ಲೆಂಡಿನ ತೋಟಗಳಲ್ಲಿ ಬಹಳ ಬೇಡಿಕೆಯ ಸಸ್ಯ. ಅದನ್ನು ಸಾಗಿಸುವ ಕ್ರಮ ನಮಗೆ ವಿಚಿತ್ರವೆನಿಸಬಹುದು: ಕಾಂಡವನ್ನು ದಿಮ್ಮಿಯಂತೆ ಕೊಯ್ದು, ಎಲೆಯನ್ನೆಲ್ಲ ಸವರಿ, ಬುಡದ ಬೇರಿಲ್ಲದೆಯೇ ಹಡಗಿಗೇರಿಸುತ್ತಾರೆ, ತಲುಪಿದ ಮೇಲೆ ನೆಟ್ಟು ನೀರು ಹಾಕಿದರೆ ಅದು ನೆತ್ತಿಯಿಂದ ಮತ್ತೆ ಚಿಗುರುತ್ತದೆ. ದಿಮ್ಮಿಯ ಮೈಯೆಲ್ಲ ತೆಂಗಿನ ನಾರಿನಂತಹ ಒತ್ತಾದ ಬೇರುಗಳ ಹೊದಿಕೆ. ಆ ನಾರಿನ ಸಂದಿನಲ್ಲಿ ಒಂದು ಮೊಟ್ಟೆಯೋ, ಹುಳು ಪತಂಗವಾಗುವ ಮುನ್ನ ಮಲಗುವ ಕೋಶವೋ ಉಳಿದರೆ ತಪಾಸಣೆ ಮಾಡುವವರ ಕಣ್ಣಿಗೆ ಬೀಳುವ ಸಂಭವ ಎಷ್ಟು ಎಂಬುದನ್ನು ನೀವೇ ಊಹಿಸಿ. ಈ ಪತಂಗವೂ ಗಿಡಗಳ ಇಂಥ ವ್ಯಾಪಾರದ ಜೊತೆಯಲ್ಲೇ ಬಂದಿರಬೇಕೆಂದು ತಿಳಿದವರು ಭಾವಿಸುತ್ತಾರೆ.

ಜರೀಗಿಡ ಮತ್ತು ಪತಂಗ ಜೊತೆಯಾಗಿ ಸಮುದ್ರ ದಾಟುವ ಕಥೆಗೆ ಒಂದು ಹಳೆಯ ಮುನ್ನುಡಿಯೂ ಇದೆ. 1829 ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನಲ್ಲಿ ಹುಗಿದು, ಗಾಜಿನ ಸೀಸೆಯಲ್ಲಿಟ್ಟು ಬಾಯಿ ಮುಚ್ಚಿದ್ದರು. ಪತಂಗ ಹೊರಬರುವುದನ್ನು ನೋಡುವುದು ಅವರ ಉದ್ದೇಶ. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಪುಟ್ಟ ಜರೀಗಿಡ ಮತ್ತು ಒಂದು ಹುಲ್ಲು ತಾವಾಗಿ ಮೇಲೆದ್ದವು. ಕಲ್ಲಿದ್ದಲ ಹೊಗೆಯಿಂದಾಗಿ ತಮ್ಮ ಹಿತ್ತಲಿನಲ್ಲಿ ಎಷ್ಟು ಪ್ರಯತ್ನಿಸಿದರೂ ಬದುಕದ ಗಿಡ ಮುಚ್ಚಿದ ಸೀಸೆಯೊಳಗೆ ತನ್ನದೇ ತೇವದಲ್ಲಿ ವರ್ಷಗಟ್ಟಲೆ ಬಾಳಿದ್ದನ್ನು ಕಂಡು ವಾರ್ಡ್ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದರು. 1833 ರಲ್ಲಿ ಗಿಡ ತುಂಬಿದ ಎರಡು ಪೆಟ್ಟಿಗೆಗಳು ಹಡಗಿನ ಮೇಲ್ತಟ್ಟಿನಲ್ಲಿ ಸಿಡ್ನಿಗೆ ಹೋದವು, ಮರಳುವಾಗ ಆಸ್ಟ್ರೇಲಿಯದ ಗಿಡಗಳನ್ನು, ಅವುಗಳಲ್ಲಿ ಒಂದು ಜರೀಗಿಡವನ್ನೂ, ಜೀವಂತವಾಗಿ ಲಂಡನ್ನಿಗೆ ತಂದವು. ಮುಂದೆ ಚೀನಾದ ಚಹಾ ಸಸಿಗಳು ಭಾರತಕ್ಕೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲೇ. ಅಲ್ಲಿಯವರೆಗೆ ಉಪ್ಪುಗಾಳಿಯೂ ಬಿಸಿಲೂ ಗಿಡವನ್ನು ಕೊಲ್ಲುತ್ತಿದ್ದವು, ಗಿಡದ ಜೊತೆಗೆ ಅದರ ಹುಳುವೂ ಸಾಯುತ್ತಿತ್ತು. ಗಿಡ ಬದುಕಿ ತಲುಪುವ ಉಪಾಯ ಸಿಕ್ಕ ದಿನದಿಂದ ಹುಳುವಿಗೂ ದಾರಿಯಾಯಿತು.

ಹಾಗೆ ದಾಟಿದ ಪತಂಗಗಳಲ್ಲಿ ಮ್ಯುಸೋಟಿಮಾ ಮೊದಲನೆಯದೇನಲ್ಲ. ಸೈಕಾಯ್ಡಿಸ್ ಫಿಲಿಸಿವೋರಾ ಎಂಬ ಇನ್ನೂ ಸಣ್ಣ ಪತಂಗವೊಂದು 1909 ರಲ್ಲೇ ಐರ್ಲೆಂಡಿನಲ್ಲಿ ಸಿಕ್ಕಿತ್ತು. ಅದಕ್ಕೆ ವಿಜ್ಞಾನದ ಹೆಸರು ಬಿದ್ದದ್ದು 1937 ರಲ್ಲಿ. ಪೂರ್ವ ಏಷ್ಯಾದ ಕಡೆಯಿಂದ ತೋಟದ ಜರೀಗಿಡಗಳ ಜೊತೆ ಬಂದಿರಬೇಕೆಂಬುದು ಈಗಿನ ಊಹೆ. ಅಂದರೆ ಬಂದ ನೆಂಟನಿಗೆ ನಾಮಕರಣವೂ ಬಂದ ಮನೆಯಲ್ಲೇ ಆಯಿತು. ಇದರ ಮರಿಹುಳು ಎಲೆಯ ಹಿಂಬದಿಯ ಬೀಜಕದ ಚಿಪ್ಪುಗಳನ್ನೇ ರೇಷ್ಮೆಯಿಂದ ಹೆಣೆದು, ಅದರಡಿ ಅಡಗಿ ತಿನ್ನುತ್ತದೆ. ಮೇಲೆ ನಾನು ಹೇಳಿದ ಹೊಲಿಗೆಯ ಸಾಲಿನಲ್ಲಿ ಒಂದು ಕಡೆ ಮಾತ್ರ ಹುಡಿಯನ್ನು ಗುಡ್ಡೆ ಹಾಕಿದಂತೆ ಕಂಡರೆ ಅದರ ಕೆಳಗೆ ಹುಳು ಇದೆ ಎಂದರ್ಥ. ಹೊರದೇಶದಿಂದ ಗಿಡ ತರಿಸುವವರು ಭೂತಗನ್ನಡಿ ಹಿಡಿದು ನೋಡಬೇಕಾದದ್ದು ಇಂಥ ಗುಡ್ಡೆಗಳನ್ನು.

ಪ್ರಯಾಣದ ಮಾತು ಅಷ್ಟಾಯಿತು. ತಲುಪಿದ ಮೇಲೆ ನೆಲೆಯೂರುವುದು ಬೇರೆಯದೇ ಕಷ್ಟ, ಮತ್ತು ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ಜರೀಗಿಡ ಸುಲಭದ ಊಟವಲ್ಲ. ಕೀಟಗಳ ಪೊರೆ ಕಳಚುವಿಕೆಯನ್ನು ನಿಯಂತ್ರಿಸುವ ಹಾರ್ಮೋನನ್ನೇ ಹೋಲುವ ರಾಸಾಯನಿಕಗಳು ಅನೇಕ ಜರೀಗಿಡಗಳಲ್ಲಿವೆ. ಬ್ರಾಕನ್ ಎಂಬ ಪ್ರಪಂಚದಾದ್ಯಂತ ಹರಡಿದ ಜರೀಗಿಡದಲ್ಲಂತೂ ಅದನ್ನು ಮೇಯ್ದ ದನಗಳಿಗೆ ಕ್ಯಾನ್ಸರ್ ತರಬಲ್ಲ ವಿಷವಿದೆ. ಎಲ್ಲ ಎಲೆಯನ್ನೂ ಮುಕ್ಕುವ ಸಾಮಾನ್ಯ ಹುಳುಗಳು ಇದರ ತಂಟೆಗೆ ಬರುವುದು ಕಡಿಮೆ. ತಿನ್ನುವವು ಇದನ್ನೇ ಅರಗಿಸಿಕೊಳ್ಳಲು ಪಳಗಿದ ಕೆಲವೇ ಮನೆತನಗಳು. ಮ್ಯುಸೋಟಿಮಾದ ಬಳಗ ಅವುಗಳಲ್ಲೊಂದು, ಕ್ಯಾಲೋಪಿಸ್ಟ್ರಿಯಾ ಇನ್ನೊಂದು. ಹೀಗೆ ಪಳಗಿದ ಹುಳುವಿಗೆ ಹೊಸ ದೇಶದಲ್ಲಿ ಎರಡು ಅನುಕೂಲಗಳಿವೆ. ಅದರ ತಟ್ಟೆಗೆ ಕೈಹಾಕುವ ಪೈಪೋಟಿಗಾರರು ಹೆಚ್ಚಿರುವುದಿಲ್ಲ, ಮತ್ತು ಅದರ ಮೈಯೊಳಗೆ ಮೊಟ್ಟೆಯಿಡುವ ಪರತಂತ್ರ ಕಣಜಗಳು ಹಳೆಯ ದೇಶದಲ್ಲೇ ಉಳಿದಿರುತ್ತವೆ. ಅನಾನುಕೂಲವೂ ಸಣ್ಣದಲ್ಲ. ಬಂದದ್ದು ಒಂದೋ ಎರಡೋ ಕೋಶ. ಅವುಗಳಿಂದ ಹೊರಬಂದ ಹೆಣ್ಣಿಗೆ ಕೆಲವೇ ದಿನಗಳ ಆಯುಷ್ಯದೊಳಗೆ ಗಂಡು ಸಿಗಬೇಕು, ಮೊಟ್ಟೆಯಿಡಲು ತಕ್ಕ ಜರೀಗಿಡ ಹತ್ತಿರದಲ್ಲಿರಬೇಕು, ಮರಿಗಳು ಬೆಳೆಯುವಷ್ಟು ದಿನ ಹವೆ ಒಗ್ಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕಥೆ ಅಲ್ಲಿಗೇ ಮುಗಿಯುತ್ತದೆ, ಯಾರ ದಾಖಲೆಗೂ ಬರುವುದಿಲ್ಲ.

ಮನುಷ್ಯರು ಬೇಕೆಂದೇ ತಂದು ಬಿಟ್ಟಾಗಲೂ ಇದು ಹೀಗೆಯೇ ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ಸಾಕ್ಷಿ. ಆಫ್ರಿಕಾದಿಂದ ಭಾರತವನ್ನು ಹಾದು ಆಸ್ಟ್ರೇಲಿಯದವರೆಗೆ ಸಹಜವಾಗಿ ಬೆಳೆಯುವ ಲೈಗೋಡಿಯಮ್ ಮೈಕ್ರೋಫಿಲಮ್ ಎಂಬ ಬಳ್ಳಿಜರಿ ಅಲಂಕಾರದ ಗಿಡವಾಗಿ ಅಲ್ಲಿಗೆ ಹೋಗಿ, ತೋಟದಿಂದ ಹೊರಬಿದ್ದು, ಜೌಗು ಕಾಡಿನ ಮರಗಳ ನೆತ್ತಿಯವರೆಗೆ ಹಬ್ಬಿತು. ಬೆಂಕಿ ಬಿದ್ದರೆ ನೆಲದ ಉರಿಯನ್ನು ಏಣಿಯಂತೆ ಮರದ ತುದಿಗೆ ಏರಿಸುವ ಗಿಡ ಅದು. ಅದನ್ನು ಹತ್ತಿಕ್ಕಲು ವಿಜ್ಞಾನಿಗಳು ಆಸ್ಟ್ರೇಲಿಯದಿಂದ ಮ್ಯುಸೋಟಿಮಾದ ಬಳಗದ್ದೇ ಎರಡು ಪತಂಗಗಳನ್ನು ತಂದರು. ಆಸ್ಟ್ರೋಮ್ಯುಸೋಟಿಮಾ ಎಂಬ ಮೊದಲನೆಯದನ್ನು ದೊಡ್ಡ ಸಂಖ್ಯೆಯಲ್ಲಿ ಮತ್ತೆ ಮತ್ತೆ ಬಿಟ್ಟರೂ ಅದು ಉಳಿಯಲಿಲ್ಲ. ನಿಯೋಮ್ಯುಸೋಟಿಮಾ ಎಂಬ ಎರಡನೆಯದನ್ನು 2008 ರಲ್ಲಿ ಬಿಟ್ಟರು. ಅದು ಬೇಗನೆ ನೆಲೆಯೂರಿ, ಬಳ್ಳಿಯ ಹಾಸನ್ನು ಅಲ್ಲಲ್ಲಿ ಸುಟ್ಟಂತೆ ಕಂದಾಗಿಸಿತು. ಎರಡೂ ಹತ್ತಿರದ ನೆಂಟರು, ಎರಡಕ್ಕೂ ಅದೇ ಬಳ್ಳಿ ಆಹಾರ, ಬಿಟ್ಟದ್ದೂ ಅದೇ ಕಾಡಿಗೆ. ಹೊರಗಿನಿಂದ ಬಂದ ಪತಂಗವೆಲ್ಲ ಹರಡಿಯೇ ತೀರುತ್ತದೆಂದು ಹೆದರಿಸುವವರ ಮುಂದೆ ನಾನು ಈ ಉದಾಹರಣೆ ಇಡುತ್ತೇನೆ. ಯಾವುದೂ ಹರಡುವುದಿಲ್ಲ ಬಿಡಿ ಎನ್ನುವವರ ಮುಂದೆಯೂ ಇದನ್ನೇ ಇಡುತ್ತೇನೆ.

ನಮ್ಮ ಕಡೆಯ ರೈತರಿಗೆ ಹೊರಗಿನ ಪತಂಗವೆಂದರೆ ನೆನಪಾಗುವುದು ಗೋವಿನಜೋಳದ ಲದ್ದಿಹುಳು. ಅಮೆರಿಕ ಖಂಡಗಳ ಆ ಸೈನಿಕ ಹುಳು 2016 ರಲ್ಲಿ ಆಫ್ರಿಕಾದಲ್ಲಿ, 2018 ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದಲ್ಲಿ ಕಾಣಿಸಿಕೊಂಡು, ಮರುವರ್ಷದೊಳಗೆ ಈಶಾನ್ಯ ರಾಜ್ಯಗಳವರೆಗೆ ಮುಟ್ಟಿತು. ಬೈಲಹೊಂಗಲ, ಸವದತ್ತಿಯ ಕಡೆ ಗೋವಿನಜೋಳ ಬಿತ್ತುವವರಿಗೆ ಸುಳಿಯೊಳಗೆ ಒದ್ದೆ ಕಟ್ಟಿಗೆಪುಡಿಯಂತೆ ತುಂಬಿಕೊಳ್ಳುವ ಅದರ ಲದ್ದಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಆ ಹುಳುವಿನ ಅಳತೆಗೋಲಿನಿಂದ ಜರೀಗಿಡದ ಪತಂಗವನ್ನು ಅಳೆಯಬಾರದು. ಲದ್ದಿಹುಳುವಿನ ಪತಂಗ ಗಾಳಿ ಅನುಕೂಲವಾಗಿದ್ದರೆ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು, 350 ಕ್ಕೂ ಹೆಚ್ಚು ಬಗೆಯ ಗಿಡಗಳನ್ನು ತಿನ್ನಬಲ್ಲದು, ಮತ್ತು ಅದಕ್ಕಾಗಿ ನಾವು ಊರಿಂದೂರಿಗೆ ಒಂದೇ ಬೆಳೆಯ ಹಾಸಿಗೆ ಹಾಸಿಟ್ಟಿದ್ದೇವೆ. ಮ್ಯುಸೋಟಿಮಾದಂತಹ ಪುಟ್ಟ ಪತಂಗಕ್ಕೆ ಆ ರೆಕ್ಕೆಬಲವೂ ಇಲ್ಲ, ಆ ನಾಲಿಗೆಯೂ ಇಲ್ಲ. ಜರೀಗಿಡವಿಲ್ಲದ ಬಯಲು ಅದಕ್ಕೆ ಸಮುದ್ರವಿದ್ದಂತೆ.

ಈ ಲೆಕ್ಕದಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳನ್ನು ನೋಡಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ವಿಜಯಪುರದ ಎರೆಭೂಮಿಯಲ್ಲಿ ಜರೀಗಿಡ ಬೇಕೆಂದರೆ ಹಳೆಯ ಬಾವಿಗಳ ಒಳಗೋಡೆಗೆ ಬಗ್ಗಿ ನೋಡಬೇಕು. ಬಾದಾಮಿಯ ಬಂಡೆಗಳಂತಹ ಒಣ ಕಲ್ಲುಸಂದುಗಳಲ್ಲಿ ಬೆಳೆಯುವ ನವಿಲುಶಿಖೆ ಬೇಸಿಗೆಯಲ್ಲಿ ಸುರುಟಿ ಸತ್ತಂತಿದ್ದು ಮೊದಲ ಮಳೆಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಅದೂ ಜರೀಗಿಡವೇ, ಆದರೆ ಒಂದು ಮರಿಹುಳುವಿನ ಸಂಸಾರ ಸಾಕುವಷ್ಟು ಎಲೆ ಅದರಲ್ಲಿಲ್ಲ. ಬೆಳಗಾವಿಯಿಂದ ಪಶ್ಚಿಮಕ್ಕೆ ಹೊರಟು ಜಾಂಬೋಟಿ ದಾಟಿ ಕಣಕುಂಬಿಯತ್ತ ಏರಿದರೆ ಚಿತ್ರವೇ ಬೇರೆ. ಮಲಪ್ರಭೆ ಹುಟ್ಟುವ ಆ ನೆಲದಲ್ಲಿ ಮಳೆಗಾಲದ ನಾಲ್ಕು ತಿಂಗಳು ರಸ್ತೆಬದಿಯ ಮಣ್ಣಿನ ಗೋಡೆಯೂ ಜರೀಗಿಡವೇ, ಮರದ ಕೊಂಬೆಯ ಪಾಚಿಯ ಮೇಲೂ ಜರೀಗಿಡವೇ. ಆಯುರ್ವೇದದವರು ಹಂಸಪದಿ ಎನ್ನುವ ಗಿಡವೂ ಅಲ್ಲಿನ ತೇವದ ಓರೆಗಳಲ್ಲಿ ಸಿಗುತ್ತದೆ, ಮರ ಹತ್ತುವ ಲೈಗೋಡಿಯಮ್ಮಿನ ಬಂಧುಗಳೂ ಸಿಗುತ್ತವೆ. ಆದ್ದರಿಂದ ನಿಮ್ಮ ಆತಂಕ ಹುರುಳಿಲ್ಲದ್ದಲ್ಲ: ಹೊರಗಿನ ಜರೀಪತಂಗವೊಂದು ಬೆಳಗಾವಿ ಜಿಲ್ಲೆಯಲ್ಲಿ ನೆಲೆಯೂರುವುದಾದರೆ ಅದಕ್ಕೆ ತಕ್ಕ ಜಾಗ ಖಾನಾಪುರ ತಾಲ್ಲೂಕೇ, ಮತ್ತು ಅದರ ಬಾಗಿಲು ಬೆಳಗಾವಿ ನಗರದ ಕುಂಡಗಳೇ.

ಆದರೆ ಆ ಕಾಡು ಖಾಲಿ ಮನೆಯಲ್ಲ. ಜಾಂಬೋಟಿಯ ಹತ್ತಿರ ಒಂದು ಸೆಪ್ಟೆಂಬರ್ ರಾತ್ರಿ ಪತಂಗಗಳನ್ನು ಸೆಳೆಯಲು ನಾವು ಬಿಳಿಯ ಪಂಚೆಯನ್ನು ಪರದೆಯಂತೆ ಕಟ್ಟಿ ದೀಪ ಹಚ್ಚಿದ್ದೆವು. ಒಂಬತ್ತರ ಹೊತ್ತಿಗೆ ಪಂಚೆಯ ಬಿಳುಪು ಕಾಣದಷ್ಟು ಪತಂಗಗಳು ಕೂತಿದ್ದವು. ಅವುಗಳ ನಡುವೆ ಗುಲಾಬಿ ಮಿಶ್ರಿತ ಕಂದು ರೆಕ್ಕೆಯ ಮೇಲೆ ಬಿಳಿಯ ಎಳೆಗಳನ್ನು ಎಳೆದುಕೊಂಡ, ಕಾಲಿಗೆ ದಟ್ಟ ಕೂದಲಿನ ಕುಚ್ಚು ಕಟ್ಟಿಕೊಂಡ ಮೂರು ಪತಂಗಗಳಿದ್ದವು. ಅವು ಕ್ಯಾಲೋಪಿಸ್ಟ್ರಿಯಾದ ಗಂಡುಗಳು, ಈಗ ನಿಮ್ಮ ಕುಂಡ ಬೋಳಿಸಿದ ಹುಳುವಿನ ಬಳಗ. ಮರುದಿನ ಬೆಳಿಗ್ಗೆ ಅದೇ ಓರೆಯ ಜರೀಗಿಡಗಳನ್ನು ನೋಡಿದರೆ ಹತ್ತು ಎಲೆಗೆ ಒಂದು ಎಲೆಯ ತುದಿ ತಿಂದಿದೆ, ಅಷ್ಟೇ. ತಿನ್ನುವವರಿದ್ದಾರೆ, ತಿನ್ನುವವರನ್ನು ತಿನ್ನುವ ಕಣಜ, ಜೇಡ, ಹಕ್ಕಿ, ಬಾವಲಿಗಳೂ ಇದ್ದಾರೆ. ಇಂಥ ಕಾಡಿಗೆ ಹೊಸಬನೊಬ್ಬ ಬಂದರೆ ಜರೀಗಿಡಗಳು ಸಾಮೂಹಿಕವಾಗಿ ನಾಶವಾಗುತ್ತವೆಂದು ನಾನು ಎಣಿಸುವುದಿಲ್ಲ. ನನಗಿರುವ ಚಿಂತೆ ಬೇರೆ: ಒಂದೇ ಕಣಿವೆಯಲ್ಲಿ, ಒಂದೇ ಬಂಡೆಯ ನೆರಳಿನಲ್ಲಿ ಉಳಿದುಕೊಂಡಿರುವ ಅಪರೂಪದ ಜರೀಗಿಡಕ್ಕೆ ಎರಡು ಮಳೆಗಾಲ ಸತತವಾಗಿ ಬೀಜಕ ಕಟ್ಟದಂತೆ ಹುಳು ಬಿದ್ದರೆ ಅದು ಯಾರ ಗಮನಕ್ಕೂ ಬಾರದೆ ಹೋಗಿಬಿಡಬಹುದು. ಹೊಲದಲ್ಲಾದರೆ ರೈತ ನೋಡುತ್ತಾನೆ. ಕಾಡಿನ ಜರೀಗಿಡವನ್ನು ಎಣಿಸುವವರು ಯಾರು?

ಹೊರದೇಶದಿಂದ ಗಿಡ ತರಿಸಲು ನಮ್ಮಲ್ಲಿ ಕಾನೂನಿದೆ. 2003 ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿಯೂ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ದೇಶದೊಳಗೆ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಲಾರಿಯಲ್ಲಿ ಹೋಗುವ ಅಲಂಕಾರದ ಗಿಡವನ್ನು ಮಾತ್ರ ಸಾಮಾನ್ಯವಾಗಿ ಯಾರೂ ತಡೆದು ನೋಡುವುದಿಲ್ಲ. ಬಂದರಿನಲ್ಲಿ ತಪ್ಪಿದ ಹುಳುವಿಗೆ ಮುಂದಿನ ದಾರಿಯೆಲ್ಲ ತೆರೆದೇ ಇರುತ್ತದೆ. ಉಳಿದ ತಪಾಸಣೆ ಕೊಳ್ಳುವವರ ಅಂಗಳದಲ್ಲೇ ಆಗಬೇಕು.

ಈಗ ನಿಮ್ಮ ಆರು ಕುಂಡಗಳು. ಜರೀಗಿಡದ ಜೀವ ಎಲೆಯಲ್ಲಿಲ್ಲ, ಮಣ್ಣಿನ ಮಟ್ಟದಲ್ಲಿರುವ ಗಡ್ಡೆಯಲ್ಲಿದೆ. ಅದು ಹಸಿಯಾಗಿದ್ದರೆ ಬೋಳಾದ ಎರಡು ಕುಂಡಗಳೂ ಮತ್ತೆ ಚಿಗುರುತ್ತವೆ. ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಒಂದೊಂದು ಕುಂಡವನ್ನೂ ಕೆಳಗಿಳಿಸಿ, ಹುಳುಗಳನ್ನು ಕೈಯಿಂದ ಆರಿಸಿ ಸಾಬೂನು ನೀರಿಗೆ ಹಾಕಿ. ಒಂದು ವಾರ ಹೀಗೆ ಮಾಡಿದರೆ ಆರು ಕುಂಡಗಳಿಗೆ ಔಷಧದ ಅಗತ್ಯವೇ ಬೀಳದು. ಕೋಶಗಳು ಮಣ್ಣಿನ ಮೇಲ್ಪದರದಲ್ಲೂ ಒಣಗಿದ ಎಲೆಯ ನಡುವೆಯೂ ಇರುವುದರಿಂದ ಒಣ ಎಲೆಗಳನ್ನು ತೆಗೆದು, ಮೇಲಿನ ಒಂದು ಬೆರಳಿನಷ್ಟು ಕೋಕೋಪೀಟನ್ನು ಬದಲಾಯಿಸಿ. ಹುಳುಗಳು ಎಳೆಯವಾಗಿದ್ದು ಸಂಖ್ಯೆ ಮಿತಿಮೀರಿದ್ದರೆ ಬಿಟಿ ಎಂದು ಮಾರುವ ಬ್ಯಾಕ್ಟೀರಿಯಾದ ಪುಡಿಯನ್ನು, ಪೊಟ್ಟಣದ ಮೇಲಿನ ಪ್ರಮಾಣ ಮೀರದೆ, ಸಂಜೆ ಸಿಂಪಡಿಸಬಹುದು. ಬೇವಿನೆಣ್ಣೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಜರೀಗಿಡದ ತೆಳು ಎಲೆ ಎಣ್ಣೆಗೆ ಸುಡುವುದುಂಟು. ಮೊದಲು ಒಂದೇ ಎಲೆಗೆ ಹಚ್ಚಿ ಮೂರು ದಿನ ಕಾಯಿರಿ.

ಕಿತ್ತ ಎಲೆ, ತೆಗೆದ ಮಣ್ಣು ಯಾವುದನ್ನೂ ನಾಲೆಗೋ ಊರ ಹೊರಗಿನ ಹಳ್ಳಕ್ಕೋ ಸುರಿಯಬೇಡಿ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಬಿಸಿಲಿಗಿಟ್ಟು ನಂತರ ಕಸಕ್ಕೆ ಕೊಡಿ. ಬೆಚ್ಚನೆಯ ಹವೆಯಲ್ಲಿ ಈ ಪತಂಗದ ಮೊಟ್ಟೆ ಮತ್ತೆ ಪತಂಗವಾಗಲು ತಿಂಗಳು, ಒಂದೂವರೆ ತಿಂಗಳು ಹಿಡಿಯುವುದರಿಂದ ಇನ್ನು ಮುಂದೆ ತರಿಸುವ ಯಾವುದೇ ಜರೀಗಿಡವನ್ನು ಅಷ್ಟು ಕಾಲ ಉಳಿದವುಗಳಿಂದ ದೂರ, ತೆಳುವಾದ ಸೊಳ್ಳೆಪರದೆಯ ತುಂಡಿನ ಒಳಗಿಡಿ. ಆ ಅವಧಿಯಲ್ಲಿ ಪರದೆಯೊಳಗೆ ಪತಂಗವೇನಾದರೂ ಹೊರಬಂದರೆ ಅದನ್ನು ಹೊಡೆದು ಹಾಕಬೇಡಿ. ಒಣಗಿದ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟು, ಗಿಡ ಎಲ್ಲಿಂದ ಬಂತು, ಯಾವ ದಿನ ಬಂತು ಎಂಬುದನ್ನು ಚೀಟಿಯಲ್ಲಿ ಬರೆದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ಮುಟ್ಟಿಸಿ. ಮರಿಹುಳುವಿನ ಚಿತ್ರದಿಂದ ನಾನು ಕುಲದವರೆಗೆ ಹೇಳಬಲ್ಲೆ. ಜಾತಿ ಯಾವುದೆಂದು ಹೇಳಲು ಬೆಳೆದ ಪತಂಗವೇ ಬೇಕು. ನಿಮ್ಮ ಹಸಿರು ಹುಳುಗಳಲ್ಲಿ ಎರಡನ್ನು ಕೊಲ್ಲದೆ, ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಭರಣಿಯಲ್ಲಿ ಎರಡು ಬೆರಳು ತೇವದ ಮಣ್ಣು ಹಾಕಿ, ದಿನಕ್ಕೊಂದು ಹೊಸ ಎಲೆ ಕೊಟ್ಟು ಸಾಕಿ ನೋಡಿ. ಎರಡು ಮೂರು ವಾರಗಳಲ್ಲಿ ರೆಕ್ಕೆ ಬಂದ ಮೇಲೆ ಇನ್ನೊಂದು ಚಿತ್ರ ಕಳಿಸಿ.